ಹೊಸಗೇರಿಯ ಜೋಡಿರೆಕ್ಕೆ ವಿಮಾನ ವಿಜಯ

೧೯೯೬ರ ಡಿಸೆಂಬರ್ ಎರಡು, ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಹೊಸಗೇರಿಯ ಹಳೇ ಬಸ್ ನಿಲ್ದಾಣದ ಎದುರಿನ ಪಿಸೆ ಟೇಲರ್ಸ್ ಅಂಗಡಿಯಲ್ಲಿ, ಜೋಡಿರೆಕ್ಕೆಯ ವಿಮಾನವೊಂದು ಕಪಾಟಿನ ಮೇಲಿಂದ ಕೆಳಗೆ ಬಿತ್ತು. ಎತ್ತರ ಆರಡಿ ಎರಡಿಂಚು. ಹೊರಗೆ ಮರಳಿನ ಲಾರಿ ಹಾದುಹೋದದ್ದು ಕಾರಣ. ಪ್ರಾಣಹಾನಿ ಆಗಲಿಲ್ಲ. ಬೆರಳಿಗೆ ಸೂಜಿ ಚುಚ್ಚದಂತೆ ದರ್ಜಿಗಳು ಹಾಕಿಕೊಳ್ಳುವ ಹಿತ್ತಾಳೆಯ ಅಂಗುಸ್ತಾನವೇ ಅದರಲ್ಲಿ ಚಾಲಕನ ತಲೆಯಾಗಿತ್ತು. ಅದು ಹೊಲಿಗೆ ಯಂತ್ರದ ಕೆಳಗೆ ಉರುಳಿಹೋಗಿ ಮಧ್ಯಾಹ್ನದವರೆಗೆ ಸಿಗಲಿಲ್ಲ.

ಸೂಜಿಯ ಕಣ್ಣೊಳಗಿಂದ ಮೂರು ಲೋಕಗಳನ್ನು ಕಾಣಬಲ್ಲ ತಾಯೇ, ಬಾಚಿಯ ಅಲಗಿನ ಮೇಲೆ ನಿಂತು ನರ್ತಿಸಬಲ್ಲ ತಂದೆಯೇ, ನೀವಿಬ್ಬರೂ ಜಗಳವಾಡದೆ ಒಂದು ಗಳಿಗೆ ಈ ನಾಲಿಗೆಯ ಮೇಲೆ ಕೂತು ನಡೆದದ್ದನ್ನು ನಡೆದಂತೆಯೇ ನುಡಿಸಿರಿ. ಯುಗವೋ ಕಲಿಯುಗ, ಕಲಿಯುಗದಲ್ಲಿಯೂ ರೆಡಿಮೇಡ್ ಅಂಗಿಗಳೆಂಬ ಪರಸೈನ್ಯ ಹುಬ್ಬಳ್ಳಿಯಿಂದ ಟೆಂಪೋ ಏರಿ ಹೊಸಗೇರಿಯ ಸಂತೆಗೆ ದಂಡೆತ್ತಿ ಬಂದು, ದರ್ಜಿಕುಲವೆಲ್ಲ ಕಂಗೆಟ್ಟು ಕೂತಿದ್ದ ಕಾಲ. ಅಂಥ ವಿಷಮಕಾಲದಲ್ಲಿ, ಶಾಲಾಸಮವಸ್ತ್ರಸೀವನಸಾರ್ವಭೌಮನೂ ಟೇಪುವಲಯಿತಕಂಠನೂ ಕರ್ಣಾಗ್ರಸ್ಥಾಪಿತಚಾಕಖಂಡನೂ ಆದ, ಐವತ್ತಾರು ವಸಂತಗಳನ್ನೂ ಅಷ್ಟೇ ಸಂಖ್ಯೆಯ ಬೇಸಿಗೆ ರಜೆಗಳ ಕೊನೆಯ ವಾರದ ಗಿರಾಕಿಗಳ ನೂಕುನುಗ್ಗಲನ್ನೂ ಕಂಡಿದ್ದ ಜ್ಞಾನೋಬಾ ರಖಮಾಜಿ ಪಿಸೆಯು, ತಾನು ಹದಿನೇಳು ದಿನ ಕೂತು ನಿರ್ಮಿಸಿದ ಗಗನಗಾಮಿಯು ನೆಲಗಾಮಿಯಾಗಿ ಬಿದ್ದಿರುವುದನ್ನು ನೋಡುತ್ತ, ಬಲಗೈಯಲ್ಲಿ ಕತ್ತರಿ ಹಿಡಿದು, ಸ್ತಂಭೀಭೂತನಾಗಿ ನಿಂತನು.

ಆ ವಿಮಾನದ ಒಡಲು ಬಟ್ಟೆಯ ಥಾನಿನ ಒಳಗೆ ಬರುವ ರಟ್ಟಿನ ಕೊಳವೆ. ರೆಕ್ಕೆಗಳು ಅಂಗಿ ಮಡಿಚಿಡುವ ರಟ್ಟು, ಮೇಲೊಂದು ಕೆಳಗೊಂದು. ಎರಡರ ನಡುವಿನ ಕಂಬಗಳು ಊದುಬತ್ತಿಯ ಕಡ್ಡಿ, ಬಿಗಿತಂತಿಗಳು ನಲವತ್ತರ ನಂಬರಿನ ದಾರ, ಗಾಲಿಗಳು ದಾರ ಮುಗಿದ ಎರಡು ರೀಲು, ಮೂತಿಯ ಪಂಖ ಎರಡು ಐಸ್‌ಕ್ರೀಮ್ ಚಮಚ. ಬಿದ್ದ ಮೇಲೆ ಪರಿಶೀಲಿಸಿದಾಗ ಕಂಬಗಳ ಪೈಕಿ ಐದು ಮುರಿದಿದ್ದವು. ಬಾಲ ಬೇರೆಯಾಗಿ ಇಸ್ತ್ರಿ ಪೆಟ್ಟಿಗೆಯ ಪಕ್ಕದಲ್ಲಿತ್ತು.

ಇಂಥದೊಂದು ವಸ್ತುವಿಗೆ ಒಬ್ಬ ದರ್ಜಿ ಯಾಕೆ ಹದಿನೇಳು ದಿನ ಕೊಟ್ಟನು ಎಂಬುದಕ್ಕೆ ಉತ್ತರ ಅವನ ತಂದೆ. ೧೯೩೪ರಲ್ಲಿ, ಮಳೆಗಾಲ ಮುಗಿದ ಹೊಸತರಲ್ಲಿ, ಊರ ಹೊರಗಿನ ಎರೆಹೊಲಕ್ಕೆ ಜೋಡಿರೆಕ್ಕೆಯ ವಿಮಾನವೊಂದು ಇಂಧನ ತೀರಿ ಇಳಿದಿತ್ತು. ಇಳಿಯುವಾಗ ಜಾಲಿಯ ಬೇಲಿಗೆ ಸಿಕ್ಕಿ ರೆಕ್ಕೆ ಹರಿಯಿತು. ಆಗ ಹತ್ತೊಂಬತ್ತು ವರ್ಷದವನಾಗಿದ್ದ ರಖಮಾಜಿ ಪಿಸೆ ಆ ರೆಕ್ಕೆಯ ಬಟ್ಟೆಯನ್ನು ಹೊಲಿದುಕೊಟ್ಟ. ಮೂರನೇ ದಿನ ವಿಮಾನ ಹಾರಿಹೋಯಿತು. ಫೋಟೋ ಇಲ್ಲ, ಕಾಗದಪತ್ರ ಇಲ್ಲ. ಇದ್ದದ್ದು ರಖಮಾಜಿಯ ಬಾಯಿಮಾತು ಮಾತ್ರ. ಸಾಯುವವರೆಗೂ ಅವನು ಮಗನಿಗೆ ಒಂದೇ ಮಾತನ್ನು ಹೇಳುತ್ತಿದ್ದ: "ಹೊಸಾ ಕಟ್ಟಿಗಿ ಮ್ಯಾಲೆ ಹಳೇ ಬಟ್ಟಿ ಕೂಡ್ರಸೋದು ಸಣ್ಣ ಕೆಲಸ ಅಲ್ಲಪಾ." ಊರು ನಕ್ಕಿತ್ತು. ಈಗ ಮುಂದಿನ ಸೋಮವಾರ, ಹೈಸ್ಕೂಲಿನ ಅರವತ್ತರ ಸಂಭ್ರಮದಲ್ಲಿ, ಊರ ಚರಿತ್ರೆಯದೂ ಮಕ್ಕಳ ವಿಜ್ಞಾನದ ಮಾದರಿಗಳದೂ ಪ್ರದರ್ಶನ ಇತ್ತು. ವಿಮಾನದ ಮಾದರಿಯೊಂದನ್ನು ಅಲ್ಲಿಟ್ಟು, ಅದರ ಮುಂದಿನ ಕಾರ್ಡಿನಲ್ಲಿ ಅಪ್ಪನ ಹೆಸರನ್ನು ಬರೆಸಬೇಕು ಎಂಬುದು ಜ್ಞಾನೋಬಾನ ಪ್ರತಿಜ್ಞೆ. ಅರವತ್ತೆರಡು ವರ್ಷದ ನಗುವಿಗೆ ಆರು ಇಂಚಿಗೆ ನಾಲ್ಕು ಇಂಚಿನ ಒಂದು ಉತ್ತರ.

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ ಸುಮಿತ್ರಾ ಹುಯಿಲಗೋಳ ಅವರು ತಮ್ಮ ರವಿಕೆ ಒಯ್ಯಲು ಬಂದವರು, ನೆಲದ ಮೇಲಿನ ಭಗ್ನಾವಶೇಷವನ್ನು ಕನ್ನಡಕ ಏರಿಸಿಕೊಂಡು ನೋಡಿದರು.

"ಪಿಸೆಯವರ, ತಪ್ಪ ತಿಳೀಬ್ಯಾಡ್ರಿ. ಇದು ನಿಂತಾಗರ ಹೆಂಗ ಕಾಣತಿತ್ತು ಅಂದ್ರ, ಎರಡು ಹಲಗಿ ನಡುವ ಒಂದ ಬದನಿಕಾಯಿ ಇಟ್ಟಂಗ ಕಾಣತಿತ್ತು."

ಅವರು ಕಠಿಣರಲ್ಲ, ನಿಖರರು. ಶಾಲೆಯ ಗ್ರಂಥಾಲಯದ ಪುಸ್ತಕವೊಂದರಿಂದ ಹಳೆಯ ಜೋಡಿರೆಕ್ಕೆ ವಿಮಾನದ ನಕಾಶೆಯನ್ನು ತೆಗೆಸಿ ಸಂಜೆಯೇ ಕಳಿಸಿಕೊಟ್ಟರು. ಹದಿನೈದಕ್ಕೆ ಒಂದರ ಅಳತೆ. ಮೂವತ್ತು ಅಡಿಯ ರೆಕ್ಕೆ ಇಪ್ಪತ್ನಾಲ್ಕು ಇಂಚು ಆಗಬೇಕು, ಐದು ಅಡಿಯ ಅಗಲ ನಾಲ್ಕು ಇಂಚು. ಕಟ್ಟಿಗೆಯ ಚೌಕಟ್ಟು, ಅದರ ಮೇಲೆ ಬಟ್ಟೆ. ಭಾನುವಾರ ಸಂಜೆ ಐದು ಗಂಟೆಗೆ ಬಂದು ನೋಡುವೆ, ವಿಮಾನದಂತೆ ಕಂಡರೆ ಮೇಜಿನ ಮೇಲೆ ಜಾಗವೂ ಕಾರ್ಡೂ ಉಂಟು, ಕಾಣದಿದ್ದರೆ ಆ ಜಾಗ ಎಂಟನೇ ತರಗತಿಯ ಜ್ವಾಲಾಮುಖಿಗೆ ಹೋಗುತ್ತದೆ ಎಂದು ತಿಳಿಸಿದ್ದರು.

ಕಟ್ಟಿಗೆ ಎಂಬ ಮೂರಕ್ಷರ ಓದಿದೊಡನೆ ಜ್ಞಾನೋಬಾನ ಮುಖ ಬಾಡಿತು. ಯಾಕೆಂದರೆ ಹೊಸಗೇರಿಯಲ್ಲಿ ಕಟ್ಟಿಗೆ ಎಂದರೆ ಮೌನಪ್ಪ ಬಡಿಗೇರ.

ಆಹಾ, ಮೌನಪ್ಪನನ್ನು ಏನೆಂದು ಬಣ್ಣಿಸಲಿ? ದ್ವಾರಬಂಧಸಹಸ್ರನಿರ್ಮಾತೃ, ಉಳಿಬಾಚಿಕರಗಸಪರಿವೃತ, ಮೂಲೆಮಟ್ಟಮಾತ್ರವಿಶ್ವಾಸಿ, ಐವತ್ತೆಂಟರ ಹರೆಯದ ಆ ವೀರನು ರಸ್ತೆಯ ಆಚೆ ಬದಿಯಲ್ಲಿ, ಪಿಸೆಯ ಅಂಗಡಿಯಿಂದ ಸರಿಯಾಗಿ ಮೂವತ್ತೆಂಟು ಹೆಜ್ಜೆ ದೂರದಲ್ಲಿ, ಸಿಪ್ಪೆಯ ರಾಶಿಯ ನಡುವೆ ಕ್ಷೀರಸಾಗರದಲ್ಲಿ ಕೂತಂತೆ ಕೂತಿರುತ್ತಿದ್ದನು. ಇಬ್ಬರೂ ಒಂದೇ ಶಾಲೆಯ ಒಂದೇ ಬೆಂಚಿನವರು. ಆದರೆ ಗಣೇಶ ಚೌತಿಯಿಂದ ಈಚೆಗೆ ಮಾತಿಲ್ಲ. ಚೌತಿಯ ಮಂಟಪದಲ್ಲಿ ಜ್ಞಾನೋಬಾ ವಿಮಾನದ ಕಥೆಯನ್ನು ನಲವತ್ತನೇ ಸಲ ಹೇಳುವಾಗ, ಮೌನಪ್ಪ ನಡುವೆ ಬಾಯಿ ಹಾಕಿ, ಆ ರೆಕ್ಕೆ ಹರಿದದ್ದಲ್ಲ ಮುರಿದದ್ದು, ಕೂಡಿಸಿದವನು ತನ್ನ ಅಪ್ಪ ಗಂಗಪ್ಪ ಎಂದುಬಿಟ್ಟಿದ್ದನು. ಅವನ ಹತ್ತಿರವೂ ಫೋಟೋ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಜ್ಞಾನೋಬಾ ರಸ್ತೆ ದಾಟಿದನು. ಕೈಯಲ್ಲಿ ನಕಾಶೆ, ಕೊರಳಲ್ಲಿ ಟೇಪು. ಹಿಂದಿನಿಂದ ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದವಳು ಹೆಂಡತಿ ಅಂಬಾಬಾಯಿ. ನಕಾಶೆಯನ್ನು ಅವಲೋಕಿಸಿದ ಮೌನಪ್ಪನು, ಮಂದರಪರ್ವತವೇ ಬಾಯಿ ತೆರೆದಂತೆ ನುಡಿದ ವೀರವಾಣಿಯ ಸಾರ ಇದು: "ಎಲೈ ವಸ್ತ್ರವೇಧಿಯೇ, ಅಸ್ಥಿಯಿಲ್ಲದ ದೇಹವುಂಟೆ, ಗಳವಿಲ್ಲದ ಗುಡಾರವುಂಟೆ? ನನ್ನ ತಂದೆ ಗಂಗಪ್ಪನ ಬಾಚಿಯು ಬೀಳದಿದ್ದರೆ ನಿನ್ನ ತಂದೆಯ ಸೂಜಿಯು ಯಾವ ದಿಕ್ಕಿಗೆ ಚುಚ್ಚುತ್ತಿತ್ತು? ಕಾರ್ಡಿನಲ್ಲಿ ಆತನ ಹೆಸರಿಗೂ ಎಡೆ ಸಿಗುವವರೆಗೆ ಈ ಉಳಿಯು ಏಳದು." ಬಾಯಿಂದ ಹೊರಬಿದ್ದದ್ದು ಇಷ್ಟೇ:

"ನಮ್ಮಪ್ಪನ ಹೆಸರೂ ಬರಸು. ಇಲ್ಲಂದ್ರ ರಟ್ಟಿನ್ಯಾಗ ಮಾಡ್ಕೋ ಹೋಗು."

ಜ್ಞಾನೋಬಾನ ಪ್ರತ್ಯುತ್ತರವೂ ಲಘುವಾಗಿರಲಿಲ್ಲ. ಸಿಂಪಿಗಕುಲದ ನಾಲ್ಕು ತಲೆಮಾರುಗಳನ್ನು ಆವಾಹಿಸಿ, ಹರಿದ ಬಟ್ಟೆಗೆ ಬಡಿಗೇರನನ್ನು ಕರೆದವರು ಮೂರು ಲೋಕದಲ್ಲಿ ಇಲ್ಲವೆಂದು ಸಾರಿ, ಕೊನೆಗೆ ತಂದೆಯ ಮಹಾವಾಕ್ಯವನ್ನು ದಿವ್ಯಾಸ್ತ್ರದಂತೆ ಪ್ರಯೋಗಿಸಿದನು. ಹೊಸ ಕಟ್ಟಿಗೆಯ ಮೇಲೆ ಹಳೆಯ ಬಟ್ಟೆ ಕೂಡಿಸುವುದು ಸಣ್ಣ ಕೆಲಸವಲ್ಲ, ನಮ್ಮಪ್ಪ ಕೂಡಿಸಿದ್ದ, ನಿಮ್ಮಪ್ಪನಿಗೆ ಕೂಡಿಸಲು ಆಗುತ್ತಿತ್ತೇ ಎಂದು ಕೇಳಿದನು. ಮೌನಪ್ಪನಿಗೆ ಸಿಟ್ಟು ನೆತ್ತಿಗೇರಿತ್ತು, ಮಾತಿನ ಅರ್ಥದ ಕಡೆ ಅವನ ಗಮನ ಹೋಗಲಿಲ್ಲ. ಜ್ಞಾನೋಬಾ ಆ ಮಾತನ್ನು ನಲವತ್ತು ವರ್ಷದಿಂದ ಹೇಳುತ್ತ ಬಂದಿದ್ದರಿಂದ ಅವನಿಗೂ ಅದರ ಅರ್ಥದ ಕಡೆ ಗಮನ ಇರಲಿಲ್ಲ.

ಸಂಧಾನ ಮಾಡಿದವಳು ಅಂಬಾಬಾಯಿ. ಮಧ್ಯಾಹ್ನ ಅವಳು ತಾನೇ ನಕಾಶೆ ಹಿಡಿದು ರಸ್ತೆ ದಾಟಿ, ಹೆಸರಿನ ಮಾತು ಹೆಸರು ಬರೆಯುವ ದಿನಕ್ಕಿರಲಿ, ಮೊದಲು ಹೆಸರು ಇಡುವಂಥದ್ದೊಂದು ವಸ್ತು ಆಗಲಿ ಎಂದಳು. ಅತ್ತಿಗೆಯ ಸಮಾನಳಾದ ವೈನಿ ಬಂದು ಕೇಳಿದ ಮೇಲೆ ಮೌನಪ್ಪನು ಇಲ್ಲವೆನ್ನಲಿಲ್ಲ. ಹಗುರವಾದ ಹಾಲವಾಣದ ಕಟ್ಟಿಗೆ ಆರಿಸಿ ತೆಗೆದಿಟ್ಟನು. ಈಚೆ ಜ್ಞಾನೋಬಾ ಬಿಳಿ ಪಾಪ್ಲಿನ್ ಕತ್ತರಿಸಿದನು. ಹೀಗೆ ರಸ್ತೆಯ ಎರಡೂ ದಡಗಳಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ, ಒಂದೇ ವಿಮಾನವು ಎರಡಾಗಿ ಬೆಳೆಯತೊಡಗಿತು.

ಗುರುವಾರ ಸಂಜೆಗೆ ರೆಕ್ಕೆಯ ಗವಸುಗಳೆರಡೂ ಸಿದ್ಧವಾದವು. ದಿಂಬಿನ ಚೀಲದಂತೆ ಮೂರು ಬದಿ ಹೊಲಿಗೆ, ಒಂದು ಬದಿ ಬಾಯಿ. ಚೌಕಟ್ಟು ಇನ್ನೂ ಬಂದಿರಲಿಲ್ಲ. ಪರೀಕ್ಷೆಗಾಗಿ ಜ್ಞಾನೋಬಾ ಇಪ್ಪತ್ನಾಲ್ಕಕ್ಕೆ ನಾಲ್ಕರ ರಟ್ಟನ್ನು ಒಳಗೆ ತೂರಿಸಿದನು. ಹಾ! ಯಾವ ದುರ್ವಿಧಿ ಇದು! ಗರುಡನ ಗರಿಯಂತೆ ಬಿಗಿದು ನಿಲ್ಲಬೇಕಿದ್ದ ರೆಕ್ಕೆಯು ಹಗ್ಗದ ಮೇಲೆ ಒಣಗಹಾಕಿದ ಪಾಯಜಾಮದಂತೆ ಜೋತುಬಿದ್ದಿತು. ಅಳೆದು ನೋಡಿದರೆ ಉದ್ದಕ್ಕೆ ಒಂದಿಂಚು, ಅಗಲಕ್ಕೆ ಒಂದಿಂಚು ಹೆಚ್ಚು.

ಕೈ ತಪ್ಪಿದ್ದಲ್ಲ. ಮೂವತ್ತೆಂಟು ವರ್ಷ ಜ್ಞಾನೋಬಾ ಹೈಸ್ಕೂಲಿನ ಸಮವಸ್ತ್ರ ಹೊಲಿದಿದ್ದಾನೆ. ಬರುವ ಪ್ರತಿ ತಾಯಿಯೂ ಬರೋ ವರ್ಷಕ್ಕೂ ಆಗಬೇಕು, ಒಂದಿಂಚು ಸಡಿಲ ಇರಲಿ ಎಂದೇ ಹೇಳುತ್ತಾಳೆ. ಬೆಳೆಯುವ ಮೈಗೆ ಒಂದಿಂಚು ಬಿಡುವುದು ಈಗ ಅವನ ಬುದ್ಧಿಯ ಕೆಲಸವಾಗಿ ಉಳಿದಿಲ್ಲ, ಕತ್ತರಿಯ ಕೆಲಸವಾಗಿದೆ.

ಆ ಹೊತ್ತಿಗೇ ಬೀಡಿ ತರಲು ಹೋಗುತ್ತಿದ್ದ ಮೌನಪ್ಪನು ಬಾಗಿಲಲ್ಲಿ ನಿಂತು, ಜೋತ ರೆಕ್ಕೆಯನ್ನು ನೋಡಿದನು. ಚೌತಿಯ ನಂತರ ಅವನು ಆ ಹೊಸಿಲಿಗೆ ಬಂದು ಆಡಿದ ಮೊದಲ ಮಾತು ಇದು:

"ಏನಪಾ ಪಿಸೆ, ವಿಮಾನ ಬರೋ ವರ್ಷ ಒಂಬತ್ತನೇ ಕ್ಲಾಸಿಗೆ ಹೊಂಟೈತೇನು?"

ಅಂಬಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಪಿಸೆ ಗವಸುಗಳನ್ನು ಮಡಿಚಿ, ಚೌಕಟ್ಟು ಬಂದ ಮೇಲೆ ಸರಿಮಾಡೋಣವೆಂದು ಕಪಾಟಿಗೆ ಸೇರಿಸಿದನು. ಆ ರಾತ್ರಿ ಅವನು ಎರಡೇ ರೊಟ್ಟಿ ತಿಂದ. ದಿನವೂ ನಾಲ್ಕು.

ಶನಿವಾರ ಹನ್ನೆರಡಕ್ಕೆ ಚೌಕಟ್ಟುಗಳು ಬಂದವು. ಮೌನಪ್ಪನೇ ಹೊತ್ತು ತಂದು ಕತ್ತರಿಸುವ ಮೇಜಿನ ಮೇಲಿಟ್ಟನು: ಒಡಲು, ಬಾಲ, ಎಂಟು ಕಂಬ, ಎರಡು ರೆಕ್ಕೆಯ ಚೌಕಟ್ಟು. ಕೆಲಸದಲ್ಲಿ ಕುಂದಿರಲಿಲ್ಲ. ಮೂಲೆಗಳು ಕೂದಲೆಳೆಯಷ್ಟು ಸಂದಿಲ್ಲದೆ ಕೂಡಿದ್ದವು. ಬಾಯಿಂದ ಹೊಗಳಿಕೆ ಇನ್ನೇನು ಹೊರಡಬೇಕು, ಅಷ್ಟರಲ್ಲಿ ಜ್ಞಾನೋಬಾ ಕೊರಳ ಟೇಪು ತೆಗೆದು ರೆಕ್ಕೆಯ ಮೇಲೆ ಹಾಸಿದನು. ಉದ್ದ ಇಪ್ಪತ್ತೈದು. ಅಗಲ ಐದು.

ಆಗ ಹೊತ್ತಿಕೊಂಡ ಸಮರವನ್ನು ಬಸ್ ನಿಲ್ದಾಣದ ಚಹಾದಂಗಡಿಯಲ್ಲೂ ಕೇಳಿದವರಿದ್ದಾರೆ. ಟೇಪು ಫಣಿರಾಜನಂತೆ ಹೆಡೆಯೆತ್ತಿತು. ಮೂಲೆ ನೇರವಿದೆಯೇ ಎಂದು ನೋಡುವ ಮೂಲೆಮಟ್ಟವು ವಜ್ರಾಯುಧದಂತೆ ಮಿಂಚಿತು. ಚಾಕಿನ ಧೂಳು ಕಟ್ಟಿಗೆಯ ಧೂಳಿನೊಡನೆ ಬೆರೆತು ದಿಙ್ಮಂಡಲವನ್ನು ಮುಸುಕಿತು, ಅಂದರೆ ಅಂಬಾಬಾಯಿ ಎರಡು ಸಲ ಸೀನಿದಳು. ನಕಾಶೆಯನ್ನು ಕಡೆಗಣಿಸಿದ್ದೇಕೆ ಎಂದು ಜ್ಞಾನೋಬಾ ಗರ್ಜಿಸಿದನು. ಕಡೆಗಣಿಸಿಲ್ಲ, ತಿದ್ದಿದ್ದೇನೆ ಎಂದು ಮೌನಪ್ಪ ಪ್ರತಿಗರ್ಜಿಸಿದನು. ಏಕೆಂದರೆ ನಕಾಶೆಯ ಅಳತೆಗೆ ಆಯ ಕೂಡುತ್ತಿರಲಿಲ್ಲ.

ಆಯವೆಂದರೆ ಬಾಗಿಲು ಮಾಡುವ ಬಡಿಗೇರರ ಲೆಕ್ಕ. ಉದ್ದವನ್ನು ಅಗಲದಿಂದ ಗುಣಿಸಿ ಎಂಟರಿಂದ ಭಾಗಿಸಬೇಕು. ಉಳಿದ ಶೇಷವೇ ಆಯ. ಒಂದು ಉಳಿದರೆ ಧ್ವಜ, ಮೂರು ಸಿಂಹ, ಐದು ವೃಷಭ, ಏಳು ಗಜ, ಇವು ಶುಭ. ಎರಡು, ನಾಲ್ಕು, ಆರು ಅಶುಭ; ಏನೂ ಉಳಿಯದಿದ್ದರೆ ಕಾಗೆ, ಎಲ್ಲಕ್ಕಿಂತ ಕೆಟ್ಟದ್ದು. ಇಪ್ಪತ್ನಾಲ್ಕು ನಾಲ್ಕಲೆ ತೊಂಬತ್ತಾರು, ಎಂಟರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ. ಗಂಗಪ್ಪ ಬಡಿಗೇರನ ಮಗ ತನ್ನ ಕೈಯಿಂದ ಕಾಗೆಯ ಆಯದ ವಸ್ತುವನ್ನು ಹೊರಗೆ ಕಳಿಸುವವನಲ್ಲ. ಒಂದೊಂದಿಂಚು ಹೆಚ್ಚಿಸಿದನು. ಇಪ್ಪತ್ತೈದು ಐದಲೆ ನೂರ ಇಪ್ಪತ್ತೈದು, ಶೇಷ ಐದು, ವೃಷಭ. ಲೆಕ್ಕ ತಪ್ಪಿರಲಿಲ್ಲ.

ಇಲ್ಲಿ ಜ್ಞಾನೋಬಾ ತನ್ನ ಜೀವಮಾನದ ಅತ್ಯುತ್ತಮ ಬಾಣವನ್ನು ಹೂಡಿದನು.

"ಅಲ್ಲೋ ಮೌನಪ್ಪ, ಕಾಗಿ ಹಾರತೈತಿ. ಎತ್ತು ಎಲ್ಲ್ಯಾರ ಹಾರಿದ್ದು ನೋಡೀಯೇನು?"

ಎಂಟು ಆಯಗಳ ಶಾಸ್ತ್ರದಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ, ಬಾಗಿಲುಗಳು ಹಾರುವುದಿಲ್ಲ. ದ್ವಾರಬಂಧಸಹಸ್ರನಿರ್ಮಾತೃವು ಕೆಂಪಾಗಿ, ಬೇಕಾದರೆ ಇಟ್ಟುಕೋ ಬೇಡವಾದರೆ ಒಲೆಗೆ ಹಾಕು ಎಂದು ಹೇಳಿ, ತನ್ನ ಮೂಲೆಮಟ್ಟವನ್ನು ಮೇಜಿನ ಮೇಲೆಯೇ ಮರೆತು ಮೂವತ್ತೆಂಟು ಹೆಜ್ಜೆಗಳನ್ನು ಇಪ್ಪತ್ತಾರರಲ್ಲಿ ಮುಗಿಸಿದನು.

ಗೆದ್ದವನು ಜ್ಞಾನೋಬಾ. ಆದರೆ ಗೆದ್ದವನ ಮೇಜಿನ ಮೇಲೆ ಇದ್ದದ್ದೇನು? ನಕಾಶೆಗಿಂತ ದೊಡ್ಡದಾದ ಎರಡು ಚೌಕಟ್ಟು, ನಕಾಶೆಗಿಂತ ದೊಡ್ಡದಾದ ಎರಡು ಗವಸು, ಮತ್ತು ಉಳಿದ ಇಪ್ಪತ್ತೊಂಬತ್ತು ಗಂಟೆ. ಕೋಪದಲ್ಲಿ ಅವನು ಎರಡನ್ನೂ ಹತ್ತಿರ ಹತ್ತಿರ ಇಟ್ಟೂ ನೋಡಲಿಲ್ಲ. ನಕಾಶೆಯ ಅಳತೆಗೆ ಗವಸನ್ನು ಚಿಕ್ಕದು ಮಾಡಿದರೆ ಈ ಚೌಕಟ್ಟು ಒಳಗೆ ಹೋಗದು, ಅದಕ್ಕೆ ಮೊದಲು ಚೌಕಟ್ಟನ್ನು ಕೊಯ್ಯಬೇಕು ಎಂದು ನಿಶ್ಚಯಿಸಿದನು. ಭಾನುವಾರ ಮಧ್ಯಾಹ್ನ ಮೂರಕ್ಕೆ ನೆರೆಮನೆಯಿಂದ ಎರವಲು ತಂದ ಗರಗಸವನ್ನು ಹಿಡಿದು ಮೇಜಿನ ಮುಂದೆ ನಿಂತವನು, ಅದರ ಹಲ್ಲನ್ನು ಎಲ್ಲಿ ಊರಬೇಕೆಂದು ಹುಡುಕಿದನು. ಮೂಲೆಗಳು ಅಷ್ಟು ಚೆನ್ನಾಗಿ ಕೂಡಿದ್ದವು. ಒಂದು ಮೂಲೆ ಬಿಚ್ಚಿದರೆ ತಾನು ಮತ್ತೆ ಕೂಡಿಸಲಾರೆ ಎಂಬುದು ಅವನಿಗೆ ಗೊತ್ತಿತ್ತು. ಅಪ್ಪನ ಹೆಸರು ಬರೆಯಬೇಕಿದ್ದ ಜಾಗದಲ್ಲಿ ಅಡುಗೆ ಸೋಡಾದ ಜ್ವಾಲಾಮುಖಿ ನೊರೆಯುಗುಳುವುದು ಅವನ ಕಣ್ಣಿಗೆ ಕಟ್ಟಿತು.

ಅದೇ ಹೊತ್ತಿಗೆ ಮೌನಪ್ಪ ಮೂಲೆಮಟ್ಟ ಒಯ್ಯಲು ಬಂದನು. ಗರಗಸ ನೋಡಿ ಹೊಸಿಲಲ್ಲೇ ನಿಂತನು. ಇಬ್ಬರೂ ಬಾಯಿ ತೆರೆಯುವ ಮೊದಲೇ, ಇಸ್ತ್ರಿಯ ಬಟ್ಟೆ ಎತ್ತಿಡಲು ಮೇಜು ಖಾಲಿ ಮಾಡುತ್ತಿದ್ದ ಅಂಬಾಬಾಯಿ, ಈ ಗಂಡಸರ ಸಾಮಾನು ಎರಡು ಕಡೆ ಬಿದ್ದಿರುವುದು ಬೇಡವೆಂದು, ಚೌಕಟ್ಟೊಂದನ್ನು ಎತ್ತಿ, ದಿಂಬಿಗೆ ಚೀಲ ಹಾಕುವಂತೆ ಗವಸಿನೊಳಗೆ ತಳ್ಳಿದಳು.

ಅದು ಹೋಯಿತು. ಅರ್ಧದವರೆಗೆ ಸಲೀಸಾಗಿ, ಆಮೇಲೆ ಬಿಗಿಯಾಗಿ, ಕೊನೆಗೆ ಅವಳು ಮೊಣಕಾಲು ಕೊಟ್ಟು ನೂಕಿದ ಮೇಲೆ ಪೂರ್ತಿ. ಬಟ್ಟೆಯ ಮೇಲೆ ಒಂದು ಸುಕ್ಕಿರಲಿಲ್ಲ. ಮೌನಪ್ಪ ಹತ್ತಿರ ಬಂದು ಉಗುರಿನಿಂದ ತಟ್ಟಿದನು. ತಮಟೆಯಂತೆ ನಾದ ಬಂತು.

ಜ್ಞಾನೋಬಾ ಗರಗಸವನ್ನು ಮೇಜಿನ ಕೆಳಗಿಟ್ಟನು.

"ಬೆಳದೈತಿ," ಎಂದನು ಮೌನಪ್ಪ.

"ಒಂದಿಂಚು," ಎಂದನು ಜ್ಞಾನೋಬಾ.

ಆಮೇಲೆ ಕೆಲಸ ನಡೆಯಿತು. ಎರಡನೇ ರೆಕ್ಕೆಯೂ ಹಾಗೆಯೇ ಹೋಯಿತು. ಬಾಯಿಯನ್ನು ಜ್ಞಾನೋಬಾ ಕೈಹೊಲಿಗೆಯಿಂದ ಮುಚ್ಚಿದನು. ಅಂಬಾಬಾಯಿ ಗಂಜಿ ಬಳಿದು ಇಸ್ತ್ರಿ ಆಡಿಸಿದಳು. ಮೌನಪ್ಪ ಕಂಬಗಳನ್ನು ನಿಲ್ಲಿಸಿದನು, ನಲವತ್ತರ ದಾರ ಬೇಡವೆಂದು ದಪ್ಪನೆಯ ಹತ್ತರ ದಾರ ಕೇಳಿ ಪಡೆದು ಬಿಗಿತಂತಿ ಎಳೆಸಿದನು. ಐಸ್‌ಕ್ರೀಮ್ ಚಮಚದ ಪಂಖವನ್ನು ಕಿತ್ತೆಸೆದು ಅಲ್ಲೇ ಕೂತು ಹಾಲವಾಣದಲ್ಲಿ ಒಂದು ಕೆತ್ತಿದನು. ಗಾಲಿ ಮಾತ್ರ ರೀಲಿನವೇ ಉಳಿದವು, ಅವು ಚೆನ್ನಾಗಿ ಉರುಳುತ್ತಿದ್ದವು. ಅಂಗುಸ್ತಾನದ ತಲೆ ಮತ್ತೆ ತನ್ನ ಪೀಠವೇರಿತು.

ಎರಡನೇ ರೆಕ್ಕೆಯ ಬಾಯಿ ಹೊಲಿಯುವಾಗ, ಬಿಳಿ ಬಟ್ಟೆಯ ಕೆಳಗೆ ಹೊಸ ಕಟ್ಟಿಗೆಯ ಏಣು ಬೆರಳಿಗೆ ತಾಗುತ್ತಿದ್ದಾಗ, ಜ್ಞಾನೋಬಾನ ಸೂಜಿ ಒಂದು ಕಡೆ ನಿಂತುಬಿಟ್ಟಿತು. ಹೊಸ ಕಟ್ಟಿಗೆ ಎಂದು ಅಪ್ಪ ಹೇಳುತ್ತಿದ್ದ. ಸಾವಿರ ಸಲ ಹೇಳಿರಬೇಕು. ಬೇಲಿಗೆ ಸಿಕ್ಕಿ ಬಟ್ಟೆ ಮಾತ್ರ ಹರಿದಿದ್ದರೆ ಕಟ್ಟಿಗೆ ಯಾಕೆ ಹೊಸದಾಗುತ್ತದೆ? ಅವನು ಎದುರು ಕೂತವನ ಕೈ ನೋಡಿದನು. ಮತ್ತೆ ಹೊಲಿಗೆ ಮುಂದುವರಿಸಿದನು.

ಐದು ಗಂಟೆ ಎಂಟು ನಿಮಿಷಕ್ಕೆ ಸುಮಿತ್ರಾ ಹುಯಿಲಗೋಳ ಅವರು ಬಂದರು. ವಿಮಾನದ ಸುತ್ತ ಒಂದು ಸುತ್ತು ಬಂದು, ರೆಕ್ಕೆ ತುಸು ದೊಡ್ಡದಾಗಿ ಕಾಣುತ್ತದೆ, ನಕಾಶೆಯದೇ ಅಳತೆಯೇ ಎಂದು ಕೇಳಿದರು. ಅಲ್ಲ. ಆ ಲೆಕ್ಕದಲ್ಲಿ ನಿಜವಾದ ವಿಮಾನದ ರೆಕ್ಕೆ ಮೂವತ್ತೊಂದು ಅಡಿ ಮೂರಿಂಚು ಉದ್ದ, ಆರಡಿ ಮೂರಿಂಚು ಅಗಲ ಇರಬೇಕಾಗುತ್ತದೆ; ಅಂಥದ್ದು ಪುಸ್ತಕದಲ್ಲಿಲ್ಲ. ಆದರೂ ವಿಮಾನದಂತೆ ಕಾಣುತ್ತದೆ ಎಂದು ಒಪ್ಪಿ, ಚೀಲದಿಂದ ಕಾರ್ಡನ್ನೂ ಪೆನ್ನನ್ನೂ ತೆಗೆದರು. ತಂದೆಯವರ ಹೆಸರು ಹೇಳಿ ಎಂದರು.

ಮೌನಪ್ಪ ಮೂಲೆಮಟ್ಟವನ್ನು ಬಗಲಲ್ಲಿಟ್ಟುಕೊಂಡು ಬಾಗಿಲ ಕಡೆ ತಿರುಗಿದ್ದನು.

"ಎರಡು ಹೆಸರದಾವ್ರಿ ಅಕ್ಕೋರ," ಎಂದನು ಜ್ಞಾನೋಬಾ. "ಬಟ್ಟಿ, ರಖಮಾಜಿ ಪಿಸೆ. ಕಟ್ಟಿಗಿ, ಗಂಗಪ್ಪ ಬಡಿಗೇರ."

"ಇದು ಖರೇನ ಏನ್ರಿ?"

"ನಮ್ಮಪ್ಪ ಹೇಳಿದ್ದರಿ. ನಾ ಕೇಳಿಸ್ಕೊಂಡಿದ್ದಿಲ್ಲ."

ಮೌನಪ್ಪ ಬಾಗಿಲಿಂದ ತಿರುಗಿ ಬಂದು, ಕಟ್ಟಿಗೆಯ ಹೆಸರು ಮೊದಲು ಬರಬೇಕಲ್ಲವೇ, ಕಟ್ಟಿದ ಮೇಲಲ್ಲವೇ ಹೊದಿಸುವುದು ಎಂದನು. ಅದರ ಮೇಲೆ ಹನ್ನೆರಡು ನಿಮಿಷ ವಾದ ನಡೆಯಿತು. ಕೊನೆಗೆ ಮುಖ್ಯೋಪಾಧ್ಯಾಯಿನಿಯವರು ಎರಡು ಹೆಸರನ್ನೂ ಒಂದೇ ಸಾಲಿನಲ್ಲಿ, ಅಕ್ಷರಗಳನ್ನು ಸಣ್ಣದು ಮಾಡಿ ಬರೆದರು.

ತ್ರಿಲೋಕಗಳು ಹೂಮಳೆಗರೆಯಲಿಲ್ಲ. ಸೋಮವಾರ ಪ್ರದರ್ಶನಕ್ಕೆ ಬಂದವರು ಇನ್ನೂರ ಹದಿನಾಲ್ಕು ಮಂದಿ. ಅಭಿಪ್ರಾಯದ ಪುಸ್ತಕದಲ್ಲಿ ವಿಮಾನದ ಬಗ್ಗೆ ಬರೆದವರು ಹನ್ನೊಂದು. ಅವರಲ್ಲಿ ಒಂಬತ್ತು ಮಂದಿ ಅದು ಹಾರುತ್ತದೆಯೇ ಎಂದು ಕೇಳಿದ್ದರು. ಮೊದಲ ಬಹುಮಾನ, ಬೇರೊಂದು ಮೇಜಿನ ಮೂಲೆಯಲ್ಲಿ ಜಾಗ ಹುಡುಕಿಕೊಂಡಿದ್ದ ಜ್ವಾಲಾಮುಖಿಗೆ ಹೋಯಿತು. ವಿಮಾನಕ್ಕೆ ಸಮಾಧಾನಕರ ಬಹುಮಾನವಾಗಿ ಒಂದು ಸ್ಟೀಲ್ ಡಬ್ಬಿ ಬಂತು. ಡಬ್ಬಿ ಈಗ ಪಿಸೆ ಟೇಲರ್ಸ್‌ನಲ್ಲಿ ಗುಂಡಿ ಇಡುವುದಕ್ಕೆ ಇದೆ. ಅದರ ಮುಚ್ಚಳ ರಸ್ತೆಯ ಆಚೆ, ಬಡಿಗೇರರ ಅಂಗಡಿಯಲ್ಲಿ, ಮೊಳೆ ಇಡುವುದಕ್ಕೆ.